ನಪಾಸಾದ ಸಾಲು

ಈಗಿನ ಲಿನಕ್ಸ್ ಕಂಪ್ಯೂಟರುಗಳು ಬಾಯಿ ಮುಚ್ಚಿಕೊಂಡು ಏಳುತ್ತವೆ. ಒಂದು ಚಿತ್ರ ಬರುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ನಾನು ಆ ಚಿತ್ರ ತೆಗೆದುಹಾಕಿ, ನೆಟ್‌ವರ್ಕಿನಂಥ ಒಳಗೆಲಸಗಳು, ಅಂದರೆ ಸೇವೆಗಳು, ಒಂದೊಂದಾಗಿ ಶುರುವಾಗುವ ಸಾಲುಗಳನ್ನೇ ನೋಡುತ್ತ ಕೂಡುತ್ತೇನೆ. ನೋಡಿ ಆಗಬೇಕಾದ್ದೇನಿಲ್ಲ. ಅಕ್ಕ ನೆನಪಾಗುತ್ತಾಳೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸಿಂದಗಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವ ನಾನೇ ಮೊದಲು. ಇಂಡಿ ಕಡೆಯ ತೋಟಗಳಲ್ಲಿ ಲಿಂಬಿಹಣ್ಣು ಹರಿಯುವ ಕೂಲಿಗೆ ಹೋಗಿ ಓದಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಕ್ಕ ಹತ್ತನೇ ತರಗತಿಯಲ್ಲಿ ಗಣಿತ ಒಂದರಲ್ಲೇ ನಪಾಸಾಗಿದ್ದಳು. ಸಾಲಿ ಬಿಡಿಸಿ ಇಂಡಿ ಕಡೆಯ ತಾಂಬಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು.

ಆ ವರ್ಷ ಪಂಚಮಿಗೆ ಯಂಕಂಚಿಯ ತವರಿಗೆ ಬಂದವಳು, ಕೈಗೆ ಬಳೆ ಇಡಿಸಿಕೊಳ್ಳಲು ಸಿಂದಗಿಗೆ ಬಂದು ಸೆಂಟರಿಗೂ ಹಣಿಕಿದಳು. ಕರೆಂಟ್ ಆಗಷ್ಟೇ ಬಂದಿತ್ತು. ಯಂತ್ರ ಚಾಲೂ ಮಾಡಿದೆ. ಎಡಕ್ಕೆ ಸೇವೆಯ ಹೆಸರು, ಬಲಕ್ಕೆ ಹಸಿರಿನಲ್ಲಿ ಓಕೆ, ಓಕೆ. ನಡುವೆ ಒಂದು ಕೆಂಪು. ಅಕ್ಕ ಅಕ್ಷರ ಕೂಡಿಸಿ ಓದಿದಳು, ಫೇಲ್ಡ್.

“ಇದಕ್ಕೂ ಪರೀಕ್ಷಾ ಇರ್ತೈತೇನೋ?”

“ನೆಟ್‌ವರ್ಕ್ ನಪಾಸಾತು ಅಕ್ಕಾ.”

“ಮತ್ತ ಉಳದಾವು ಮುಂದ ಹೊಂಟಾವಲ್ಲ. ಇದನ್ನ ಸಾಲಿ ಬಿಡಸಲಿಲ್ಲೇನು?”

ನಕ್ಕೆ. ಕೇಬಲ್ ಸಡಿಲಾಗಿತ್ತು. ಒತ್ತಿ ಕೂಡಿಸಿ, ಅದೊಂದು ಸೇವೆಯನ್ನಷ್ಟೇ ಮತ್ತೆ ಶುರು ಮಾಡಿದೆ. ಹಸಿರು ಬಂತು.

“ಎಲ್ಲಾ ಮೊದಲಿಂದ ಮಾಡಬೇಕಾಗಿಲ್ಲ?”

“ನಪಾಸಾಗಿದ್ದು ಒಂದಽ ಸಾಕು.”

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, “ಹಂಗಾರ ನಾನೂ ಗಣಿತಕ್ಕ ಕೂಡ್ತೇನಿ. ಪರೀಕ್ಷಾ ಮುಗಿಯೂತನಕ ತವರಾಗಽ ಇರ್ತೇನಿ ನೋಡು” ಎಂದಳು.

ಮರುದಿನದಿಂದ ಸಂಜೆ ನಾನು ಬಸ್ಸಿಳಿದು ಬರುವುದನ್ನೇ ಕಾದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಲೆಕ್ಕ ತಪ್ಪಿದರೆ “ಕೆಂಪ ಬಿತ್ತಲ್ಲೋ” ಎನ್ನುವಳು. ಸರಿಬಂದರೆ ತನಗೆ ತಾನೇ “ಓಕೆ” ಅಂದುಕೊಳ್ಳುವಳು. ನಾನು ಕಲಿತದ್ದು ಮನೆಯ ಇನ್ನೊಬ್ಬರಿಗೆ ದಕ್ಕಿದ್ದು ಆ ಸಂಜೆಗಳಲ್ಲಿ ಮಾತ್ರ.

ಹಬ್ಬ ಕಳೆದ ಮೇಲೆ ಅಕ್ಕನ ಗಂಡ, ನಮ್ಮ ಮಾವ, ಕರೆಯಲು ಬಂದರು.

“ಇನ್ನಷ್ಟ ದಿನ ಬಿಡ್ರಿ ಮಾವಾ, ಪರೀಕ್ಷಾ ಬರೀತಾಳ.”

“ಬರದು ಏನ್ ಡಿಸಿ ಆಗಾಕಿ? ಮನ್ಯಾಗ ರೊಟ್ಟಿ ಬಡಿಯವ್ರು ಯಾರು, ನೀ ಬರ್ತೀಯೇನು?”

ಅವ್ವ ನಕ್ಕಳು. ಅಪ್ಪ ಎಲೆ ಮಡಚಿ ಬಾಯಿಗಿಟ್ಟ. ನನ್ನ ಡಿಗ್ರಿಗೆ ಊರಲ್ಲಿ ಬೆಲೆಯಿತ್ತು, ಮಾವನ ಎದುರು ಇರಲಿಲ್ಲ. ಹಬ್ಬದ ಉಂಡಿ-ಅಳ್ಳಿನ ಗಂಟು ಹಿಡಿದು ಅಕ್ಕ ಸಿಂದಗಿಯಲ್ಲಿ ಇಂಡಿ ಬಸ್ಸು ಹತ್ತಿದಳು. ಆಚೆ ಬದಿಯ ಸೀಟು ಸಿಕ್ಕಿತ್ತು. ಕಿಟಕಿಯಲ್ಲಿ ಮುಖ ಕಾಣಲಿಲ್ಲ.

ಪರೀಕ್ಷೆ ಬಂತು, ಹೋಯಿತು. ಈಗಲೂ ಫೋನಿನಲ್ಲಿ ಹೇಳುತ್ತೇನೆ, ಒಂದಽ ವಿಷಯ ಅಕ್ಕಾ, ಇನ್ನೂ ಕೂಡಬಹುದು ಅಂತ.

“ಇನ್ಯಾಕೋ ತಮ್ಮಾ. ಎಮ್ಮಿ ಒದರಾಕತ್ತೈತಿ, ಇಡ್ತೇನಿ” ಎನ್ನುತ್ತಾಳೆ.

ಇಡುವುದಿಲ್ಲ. ಕೇಳುತ್ತಾಳೆ, “ಈಗ ಪಾಸಾಗಾಕ ಎಷ್ಟ ಮಾರ್ಕ್ಸ್ ಬೇಕೋ?”