ಬೋರ್ಡಿಗೆ ಏರಿದ ಮುಯ್ಯಾಳು

ಹನಗೋಡಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಫಾರ್ಮ್ ಸ್ಟೇ ಇದೆ. ಅದರ ಗೇಟಿನ ಪಕ್ಕ ಹಳೆಯ ಗಾಡಿಚಕ್ರಕ್ಕೆ ವಾರ್ನಿಷ್ ಬಳಿದು ಒರಗಿಸಿದ್ದಾರೆ. ಚಕ್ರಕ್ಕೆ ಹೊಡೆದ ಹಲಗೆಯ ಮೇಲೆ 'ಬನ್ನಿ, ಒಂದು ದಿನ ಮುಯ್ಯಾಳಾಗಿ' ಎಂದು ಬರೆಸಿದ್ದಾರೆ. ಬಸ್ಸು ಅದನ್ನು ದಾಟುವಾಗ ನಾನು ಮುಖ ಆಚೆಗೆ ತಿರುಗಿಸಿಕೊಳ್ಳುತ್ತಿದ್ದೆ. ಹೋದ ವರ್ಷ ಡಾಕ್ಟರು ನನ್ನ ಬಿಪಿ ಮಾತ್ರೆಯನ್ನು ಒಂದರಿಂದ ಒಂದೂವರೆಗೆ ಏರಿಸಿದರು. ಮೊದಲಿನ ಒಂದು ಮಾತ್ರೆ ನನ್ನ ಸ್ವಭಾವದ್ದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಹೆಂಗಸು ನಾನು. ಆಮೇಲಿನ ಅರ್ಧ ಮಾತ್ರೆ ಮಾತ್ರ ಆ ಹಲಗೆಯದು.

ಪಿರಿಯಾಪಟ್ಟಣದ ಕಡೆಯ ನನ್ನ ತವರಿನಲ್ಲಿ ಮುಯ್ಯಾಳು ಎಂದರೆ ಇಷ್ಟೇ: ಇವತ್ತು ನಿಮ್ಮ ಹೊಲದ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನ ಹೊಲದ ಕೆಲಸಕ್ಕೆ ನೀವು ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಕೂಲಿ ಇಲ್ಲ, ಬರೆದಿಡುವುದೂ ಇಲ್ಲ. ಜ್ವರ ಬಂದು ಮಲಗಿದರೆ ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ತಾತನ ತಿಥಿ ಮುಗಿದ ಮಾರನೇ ದಿನವೇ ಅವ್ವ ಪಕ್ಕದವರ ರಾಗಿ ಹೊಲಕ್ಕೆ ಕಳೆ ಕೀಳಲು ಹೋಗಿದ್ದಳು. ಅಳು ಬಂದಾಗ ಅಲ್ಲೇ ಬದುವಿನ ಮೇಲೆ ಕೂತು ಅತ್ತು, ಎದ್ದು ಮತ್ತೆ ಸಾಲು ಹಿಡಿದಳಂತೆ.

ಮದುವೆಯಾಗಿ ಹನಗೋಡಿನ ಹತ್ತಿರದ ಈ ಹಳ್ಳಿಗೆ ಬಂದಮೇಲೆ ಆ ಮಾತಿಗೂ ಒಂದು ಬೇಲಿ ಇದೆ ಎಂದು ಗೊತ್ತಾಯಿತು. ಜಮೀನಿದ್ದ ಮನೆಗಳ ಹೆಂಗಸರು ಬಂದರೆ ಅತ್ತೆಯ ಬಾಯಲ್ಲಿ ಅವರು ಮುಯ್ಯಾಳು. ಅವರಿಗೆ ಜಗುಲಿಯ ಮೇಲೆ ಮುದ್ದೆ, ಉಪ್ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ಕೆಳಗಿನ ಬೀದಿಯವರು ಬಂದರೆ ಬರೀ ಆಳು. ಅವರಿಗೆ ಕೊಟ್ಟಿಗೆಯ ಪಕ್ಕ ಕೂರಿಸಿ ಊಟ, ಸಂಜೆ ಕೂಲಿ. ಬೆಳಗ್ಗೆಯಿಂದ ಎರಡು ಕಡೆಯವರೂ ಒಂದೇ ಸಾಲಿನಲ್ಲಿ ಬಗ್ಗಿದ್ದವರು. ತವರಿನಲ್ಲೂ ಹೀಗೇ ಇದ್ದಿರಬೇಕು. ಅಲ್ಲಿ ನಾನು ಜಗುಲಿಯ ಮೇಲೆ ಕೂತು ಉಣ್ಣುತ್ತಿದ್ದೆನಾದ್ದರಿಂದ ಕೊಟ್ಟಿಗೆಯ ಕಡೆ ನೋಡಿರಲಿಲ್ಲ.

ಆ ಬೇಲಿ ಮುರಿದದ್ದು ಕೆಳಗಿನ ಬೀದಿಯ ಅಕ್ಕ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಗಂಡ ಹೆಂಡತಿ ಇಬ್ಬರೂ ಇಪ್ಪತ್ತು ವರ್ಷ ಕಂಡವರ ಹೊಲದಲ್ಲಿ ದುಡಿದು ಎರಡು ಎಕರೆ ಮಾಡಿಕೊಂಡರು, ಹೊಗೆಸೊಪ್ಪು ಬೇಯಿಸುವುದಕ್ಕೆ ಒಂದು ಬ್ಯಾರನ್ ಕಟ್ಟಿಸಿದರು. ಆ ವರ್ಷ ಅವಳು ನಮ್ಮ ಬಾಗಿಲಿಗೆ ಬಂದು ನಿಂತಳು.

"ಅವ್ವಾರೆ, ನಾಳೆ ನಿಮ್ ಸೊಪ್ಪು ಮುರಿಯಕೆ ನಾನು ಬತ್ತೀನಿ. ಕೂಲಿ ಬ್ಯಾಡ. ಮುಯ್ಯಾಳು."

ಅತ್ತೆಯ ಬಾಯಲ್ಲಿ ಎಲೆಯಡಿಕೆ ನಿಂತುಹೋಯಿತು. "ಮುಯ್ಯಾಳಾ? ಅಂದ್ರೆ ನಾನು ನಿನ್ ಹೊಲಕ್ಕೆ ಬರ್ಬೇಕೇನೇ?"

"ನೀವ್ಯಾಕೆ ಅವ್ವಾರೆ ಈ ವಯಸ್ಸಲ್ಲಿ? ಸೊಸೆ ಬರ್ಲಿ ಬುಡಿ. ಗಟ್ಟಿಯಾಗವ್ಳೆ."

ನಾನು ಹೋದೆ. ಧೈರ್ಯದಿಂದ ಹೋದೆ ಎಂದು ಬರೆದುಕೊಳ್ಳಬಹುದಿತ್ತು, ಆದರೆ ಹೋಗಲೋ ಬೇಡವೋ ಎಂದು ಗಂಡನನ್ನು ಮೂರು ಸಲ ಕೇಳಿ, ಮೂರನೇ ಸಲ ಅವನು ರೇಗಿದ ಮೇಲೆ ಹೋದದ್ದು. ಅತ್ತೆ ಎಂಟು ದಿನ ನನ್ನ ಹತ್ತಿರ ಮಾತು ಬಿಟ್ಟರು. ಆ ಮನೆಯಲ್ಲಿ ಅಷ್ಟು ನೆಮ್ಮದಿಯ ಎಂಟು ದಿನ ನಾನು ಮತ್ತೆ ಕಂಡಿಲ್ಲ. ಆದರೆ ಅಕ್ಕನಿಗೆ ಆ ಒಂದು ಮಾತು ಎರಡು ಎಕರೆಗಿಂತ ದೊಡ್ಡದಾಗಿತ್ತು. ಜಮೀನು ದುಡಿದರೆ ಸಿಗುತ್ತದೆ. ಮುಯ್ಯಾಳು ಎಂದು ಕರೆಸಿಕೊಳ್ಳುವುದಕ್ಕೆ ಇನ್ನೊಬ್ಬರು ಬಾಯಿ ಬಿಡಬೇಕು.

ಈಗ ಅತ್ತೆ ಇಲ್ಲ. ಆ ಫಾರ್ಮ್ ಸ್ಟೇ ನಡೆಸುವವನು ಅವರ ತಂಗಿಯ ಮಗ. ಹೋದ ವರ್ಷ ನಾಟಿಯ ಕಾಲದಲ್ಲಿ ಅವನು ಮನೆಗೆ ಬಂದ.

"ಅತ್ಗೆ, ಸಿಟಿಯಿಂದ ಗೆಸ್ಟ್ ಬತ್ತಾವ್ರೆ. ಗದ್ದೆ ನಾಟಿ ನೋಡ್ಬೇಕಂತೆ. ಅವ್ರು ಎರಡು ಪೈರು ಊರಿ ಫೋಟೋ ತಕ್ಕೋತಾರೆ, ಉಳಿದಿದ್ದು ಮಾಡಕೆ ನಾಲ್ಕು ಜನ ಹೆಂಗಸ್ರು ಬೇಕು. ಕೂಲಿಯೋರು ಸಿಕ್ತಿಲ್ಲ. ಮುಯ್ಯಾಳು ಲೆಕ್ಕದಲ್ಲಿ ಕರ್ಕೊಂಡು ಬನ್ನಿ. ಆ ಹೆಂಗಸ್ರ ಸೊಪ್ಪು ಹಣ್ಣಾದಾಗ ನಾನು ನಾಲ್ಕು ಆಳು ಕಳಿಸ್ತೀನಿ."

ಅಕ್ಕನ ಮನೆಯಲ್ಲಿ ಅವಳು, ಇಬ್ಬರು ಸೊಸೆಯರು, ಅವಳ ತಂಗಿ ಇದ್ದರು. ಸರಿಯಾಗಿ ನಾಲ್ಕು. ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಅವ್ನು ಆಳು ವಾಪಸ್ ಕಳಿಸ್ತಾನೇನವ್ವ?"

"ನಾನಿದೀನಲ್ಲ ಬುಡಕ್ಕ," ಎಂದೆ.

ದಿನಕ್ಕೆ ಹತ್ತು ಸಲ ಬೇಡದ್ದಕ್ಕೆಲ್ಲ ಹೆದರುವ ನಾನು, ಹೆದರಲೇಬೇಕಾದ ಕಡೆ ಹೆದರಲಿಲ್ಲ. ನಮ್ಮವನಲ್ಲವೇ ಎಂದುಕೊಂಡೆ.

ನಾನೂ ಹೋದೆ. ನೆಂಟರ ಕೆಲಸ ಎಂದು ನನ್ನ ದಿನವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಗೆಸ್ಟುಗಳು ತಲೆಗೆ ಹೊಸ ಟವೆಲ್ ಸುತ್ತಿಕೊಂಡು ಗದ್ದೆಗೆ ಇಳಿದರು. ಅವರು ನೆಟ್ಟ ಪೈರೆಲ್ಲ ಸೊಟ್ಟಗೆ ತೇಲುತ್ತಿತ್ತು. ಅಕ್ಕ ಹಿಂದೆಯೇ ಬಂದು ಕಿತ್ತು ಮತ್ತೆ ನೆಟ್ಟಳು. ಬದುವಿನ ಮೇಲೆ ನಿಂತವರೊಬ್ಬರು ನಾಟಿ ಪದ ಹೇಳಿ ಎಂದು ಕೇಳಿದರು. "ಪದ ನೀವೇಳಿ, ನಮಗೆ ಕೆಲಸ ಅದೆ," ಎಂದಳು. ಅವರು ಅದನ್ನೂ ವಿಡಿಯೊ ಮಾಡಿಕೊಂಡರು.

ಹದಿನೈದು ದಿನಕ್ಕೆ ಅಕ್ಕನ ಸೊಪ್ಪು ಹಣ್ಣಾಯಿತು. ಹೊಗೆಸೊಪ್ಪಿನ ಕೆಲಸ ನಾಳೆಗೆ ಕಾಯುವುದಿಲ್ಲ. ಬೆಳಗ್ಗೆ ಮುರಿದ ಎಲೆಯನ್ನು ಅವತ್ತೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಬೇಕು. ಇಲ್ಲದಿದ್ದರೆ ಗುಡ್ಡೆಯಲ್ಲೇ ಬೆಂದು ಕಪ್ಪಾಗುತ್ತದೆ. ನಾಲ್ಕು ದಿನ ಮೊದಲೇ ಅವನಿಗೆ ಫೋನು ಮಾಡಿದ್ದೆ. ಹಿಂದಿನ ದಿನವೂ ಮಾಡಿದ್ದೆ. "ಆಯ್ತು ಅತ್ಗೆ, ಎಷ್ಟು ಟೆನ್ಷನ್ ತಗೋತೀರಿ," ಎಂದು ನಕ್ಕಿದ್ದ. ಆ ಭರವಸೆಯ ಮೇಲೆ ಅಕ್ಕನ ಮನೆಯವರು ಬೆಳಕು ಹರಿಯುವಾಗಲೇ ಸೊಪ್ಪು ಮುರಿಯಲು ಶುರು ಮಾಡಿದರು. ಒಂಬತ್ತಾಯಿತು, ಹತ್ತಾಯಿತು. ಯಾರೂ ಬರಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಆಟೊ ಹಿಡಿದು ಹೋದೆ. ಅವನು ಗಾಡಿಚಕ್ರದ ಪಕ್ಕದಲ್ಲೇ ನಿಂತಿದ್ದ.

"ಅಯ್ಯೋ ಅತ್ಗೆ, ಇವತ್ತು ರೂಮೆಲ್ಲ ಫುಲ್. ಆಳು ಎಲ್ಲಿಂದ ಬಿಡ್ಲಿ? ಅವತ್ತು ಅವ್ರಿಗೆ ಹೋಳಿಗೆ ಊಟ ಹಾಕ್ಸಿದ್ನಲ್ಲ."

"ಊಟ ಹಾಕೋದು ಇದ್ದಿದ್ದೇ. ಆಳು ಎಲ್ಲಪ್ಪ?"

"ಮುಯ್ಯಾಳು ಅಂದ್ರೆ ಪ್ರೀತಿಗೆ ಮಾಡೋದು ಅತ್ಗೆ. ಗೆಸ್ಟಿಗೆ ನಾನು ಅದನ್ನೇ ಹೇಳೋದು. ಅದ್ರಲ್ಲೆಲ್ಲ ಲೆಕ್ಕ ಹಾಕ್ತಾ ಕೂತ್ರೆ..." ಆಮೇಲೆ ದನಿ ತಗ್ಗಿಸಿದ. "ನಿಮಗ್ಗೊತ್ತಲ್ಲ, ನಮ್ಮೋರು ಅವ್ರ ಹೊಲಕ್ಕೆ ಹೋಗಿ..."

ಮಾತು ಅಲ್ಲಿಗೆ ನಿಲ್ಲಿಸಿದ. ಉಳಿದರ್ಧ ನನಗೆ ಗೊತ್ತಿತ್ತು. ಅತ್ತೆಯ ಬಾಯಲ್ಲಿ ಎಲೆಯಡಿಕೆ ನಿಲ್ಲಿಸಿದ್ದ ಅದೇ ಮಾತು. ಅತ್ತೆ ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಇವನು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟು ಹಲಗೆಗೆ ಬರೆಸಿದ್ದಾನೆ. ಇಪ್ಪತ್ತು ವರ್ಷ ಬೆನ್ನು ಬಗ್ಗಿಸಿ ಅಕ್ಕ ಸಂಪಾದಿಸಿದ ಮಾತನ್ನು ಒಂದು ಹೋಳಿಗೆ ಊಟಕ್ಕೆ ಬಿಟ್ಟಿ ಚಾಕರಿಯಾಗಿಸಿಬಿಟ್ಟ.

ಆಟೊದಲ್ಲಿ ಕೂತು ಹತ್ತು ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದೇ, ಅದೂ ಕೀರಲು ದನಿಯಲ್ಲಿ. "ಅವ್ರು ನೆಟ್ಟ ಭತ್ತದ ಅನ್ನ ಆಯ್ತದೆ, ಅವ್ರ ಹೊಲ ಆಗಲ್ವಾ?" ಗೆಸ್ಟು ಯಾರೋ ತಿರುಗಿ ನೋಡಿದರು. ಅವನು ಅವರ ಕಡೆ ನೋಡಿ ನಕ್ಕು ಕೈ ಮುಗಿದ.

ವಾಪಸು ಬಂದು ಗಂಡನನ್ನೂ ಓರಗಿತ್ತಿಯನ್ನೂ ಹೊರಡಿಸಿಕೊಂಡು ಅಕ್ಕನ ಬ್ಯಾರನ್ನಿಗೆ ಹೋದೆ. ಮೂವರೂ ಸಂಜೆಯವರೆಗೆ ಎಲೆ ಕಟ್ಟಿದೆವು. ಗಂಡ ಕಟ್ಟಿದ ಕಡ್ಡಿಯಿಂದ ಎಲೆ ಉದುರುತ್ತಿತ್ತು. "ಅಣ್ಣಾರೆ, ನೀವು ಕಡ್ಡಿ ಹೊರಿ ಸಾಕು," ಎಂದಳು ಅಕ್ಕನ ಸೊಸೆ. ಅಂಟು ಹತ್ತಿ ಕೈಯೆಲ್ಲ ಕರ್ರಗಾಯಿತು. ಹೊತ್ತು ಮುಳುಗುವಾಗ ಬ್ಯಾರನ್ ತುಂಬಿತು. ಆದರೂ ಮೂಲೆಯ ಒಂದು ಗುಡ್ಡೆ ಒಳಗೊಳಗೇ ಬಿಸಿಯಾಗಿ ಹಾಳಾಗಿತ್ತು. ಅಕ್ಕ ಅದರೊಳಗೆ ಕೈ ಹಾಕಿ ನೋಡಿ, ತಿಪ್ಪೆಗೆ ಹೊತ್ತು ಹಾಕಿದಳು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನಾವು ಮೂರು ಆಳು ಆಯ್ತು. ನಾಳೆ ನಾನೊಬ್ಳು ಬತ್ತೀನಿ. ಅಲ್ಲಿಗೆ ನಾಲ್ಕು. ತೀರೋಯ್ತು."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. ಅಂಥ ಸಿಟ್ಟಿನ ಮುಖ ಅವಳದು ನಾನು ಕಂಡಿರಲಿಲ್ಲ.

"ಯಾರ್ದು ತೀರೋಯ್ತು? ನೀವು ಮೂರು ಜನ ಬಂದಿದ್ದು ನಿಮ್ ಮುಯ್ಯಾಳು. ನಿಮ್ ಸೊಪ್ಪಿಗೆ ನಾವು ಮೂರು ಜನ ಬತ್ತೀವಿ. ಅವನ ನಾಲ್ಕು ಅಂಗೇ ನಿಂತದೆ. ಅವನ ಬದ್ಲು ನೀನು ತೀರ್ಸಕೆ ಅವನೇನು ಸತ್ತೋಗವ್ನಾ?"

ಮುಂದಿನ ವಾರ ಮೂವರು ಬಂದು ನಮ್ಮ ಸೊಪ್ಪು ಕಟ್ಟಿ ಹೋದರು. ಅವನು ನನ್ನ ಗಂಡನ ಕೈಯಲ್ಲಿ ನಾಲ್ಕು ಜನರ ಕೂಲಿ ಕಳಿಸಿದ. ಅಕ್ಕ ಮುಟ್ಟಲಿಲ್ಲ. "ಕೂಲಿಗೆ ಹೋಗಿದ್ರೆ ಅವತ್ತೇ ಈಸ್ಕೊಂಡು ಬತ್ತಿದ್ದೆ," ಎಂದಳು. ಅಲ್ಲಿಂದಾಚೆಗೆ ಹುಣಸೂರಿನ ಸಂತೆಯಲ್ಲಿ, ಮದುವೆ ಮನೆಯ ಬಾಗಿಲಲ್ಲಿ, ಎಲ್ಲಿ ಸಿಕ್ಕಿದರೂ ಜನರ ಮಧ್ಯೆ ಅವನನ್ನು ಕೇಳುತ್ತಾಳೆ: "ನಮ್ ನಾಲ್ಕು ಆಳು ಯಾವಾಗ ಬರೋದಪ್ಪಾ?" ಅವನಿಗೆ ಎಲ್ಲಿಲ್ಲದ ಫೋನು ಬರುತ್ತದೆ.

ಹೋದ ವಾರ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ಯಾರನ್ನೋ ಇಳಿಸುವುದಕ್ಕೆ ಬಸ್ಸು ಸರಿಯಾಗಿ ಆ ಗೇಟಿನ ಎದುರು ನಿಂತಿತು. ಅವನು ಗೆಸ್ಟುಗಳ ಬ್ಯಾಗು ಇಳಿಸಿಕೊಳ್ಳುತ್ತಿದ್ದ. ನಾನು ಅಭ್ಯಾಸಬಲದಿಂದ ಮುಖ ತಿರುಗಿಸಿದೆ. ಅಕ್ಕ ನನ್ನ ಮೇಲೆ ಬಗ್ಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏನಪ್ಪಾ, ಸೊಪ್ಪು ಹಣ್ಣಾಯ್ತು. ನಾಲ್ಕು ಆಳು!"

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರಿಗೂ ಕಥೆ ಗೊತ್ತು. "ಇನ್ನೂ ಕಳಿಸಿಲ್ವಾ ಅಕ್ಕ?" ಎಂದ. ನಾನು ಮಾತ್ರೆ ತಗೊಂಡೆನೋ ಇಲ್ಲವೋ ಎಂದು ನೆನೆಸಿಕೊಳ್ಳುತ್ತಿದ್ದೆ. ನೆನೆಸಿಕೊಳ್ಳುವಾಗ ಆ ದಿನದ ಗದ್ದೆಯೂ ನೆನಪಾಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ನನ್ನ ಬೆನ್ನೂ ಬಗ್ಗಿತ್ತು. ನಾನೂ ಕಿಟಕಿಗೆ ಬಾಯಿ ಹಾಕಿದೆ.

"ಐದು!" ಎಂದು ಕೂಗಿದೆ. "ನಂದೂ ಸೇರಿ ಐದು ಕಣಪ್ಪಾ!"