ಪೀಪಾಯಿ ತುಂಬಿದ ಶುಕ್ರವಾರ

ವಿಸ್ಕಿ ಕಾರ್ಖಾನೆಯೊಳಗೆ ಹೋಗುವ ಮುನ್ನ ಫೋನ್‌ಗಳನ್ನು ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿ ಇಡಬೇಕೆಂದು ಗೈಡ್ ಹೇಳಿದರು. ಭಟ್ಟಿಯಿರುವ ಕೋಣೆಯ ಗಾಳಿಯಲ್ಲಿ ಮದ್ಯದ ಆವಿ ಇರುತ್ತದೆ, ಒಂದು ಕಿಡಿ ಸಾಕು ಎಂಬುದು ಕಾರಣ. ನಾವು ನಾಲ್ವರಿದ್ದೆವು. ಮೂವರು ಇಟ್ಟೆವು. ನಾಲ್ಕನೆಯವನು ಫೋನನ್ನು ಕೈಯಲ್ಲೇ ಹಿಡಿದು ನಿಂತ. ಆ ದಿನ ಅವನಿಗೆ ವಕೀಲರ ಕರೆ ಬರಬೇಕಿತ್ತು.

"ಎಷ್ಟೊತ್ತಾಗತ್ತಂತೆ ಅತ್ತಿಗೆ?" ಎಂದು ನನ್ನನ್ನು ಕೇಳಿದ. ಒಂದು ಗಂಟೆ ಎಂದೆ.

"ಇಡೋ ಮಗಾ. ಕೋರ್ಟ್ ಎಲ್ಲೂ ಓಡೋಗಲ್ಲ," ಎಂದರು ನನ್ನ ಗಂಡ.

ಅವನು ಇಟ್ಟ. ಪರದೆ ಮೇಲಕ್ಕಿರುವಂತೆ ಇಟ್ಟ.

ಅವನು ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಎಂಜಿನಿಯರ್; ಬೆಂಗಳೂರಿನಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡಿದವನು, ವಯಸ್ಸಿನಲ್ಲಿ ಚಿಕ್ಕವನು. ಜೊತೆಗಿದ್ದ ಇನ್ನೊಬ್ಬರು ಕಾರ್ಲ್‌ಸ್ಟಾಡ್‌ನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಧಾರವಾಡದವರು. ಮೂವರು ಗಂಡಸರೂ ಸೇರಿ ಒಂದು ಸಣ್ಣ ಪೀಪಾಯಿ ಕೊಂಡಿದ್ದರು. ಇಲ್ಲಿ ಅದೊಂದು ರೂಢಿ. ಗೆಳೆಯರು ಕೂಡಿ ಪೀಪಾಯಿ ಕೊಳ್ಳುತ್ತಾರೆ, ಭಟ್ಟಿಯವರು ಅದನ್ನು ತಮ್ಮ ಗೋದಾಮಿನಲ್ಲಿ ಇಟ್ಟು ಕಾಯುತ್ತಾರೆ, ವರ್ಷಗಳ ನಂತರ ಬಾಟಲಿಗೆ ತುಂಬಿ ಕೊಡುತ್ತಾರೆ. ನಮ್ಮದು ತುಂಬುವ ದಿನ ನವೆಂಬರಿನ ಆ ಶುಕ್ರವಾರ. ಓಡಾಡಿ ಎಲ್ಲವನ್ನೂ ಏರ್ಪಾಡು ಮಾಡಿದವನು ಅವನೇ. ನಾನು ಕುಡಿಯುವುದಿಲ್ಲ, ಕಾರು ಓಡಿಸಲು ಬಂದಿದ್ದೆ.

ಅವನ ಪ್ರಕರಣ ಹೀಗಿತ್ತು. ವರ್ಕ್ ಪರ್ಮಿಟ್ ಮುಂದುವರಿಸಲು ಅರ್ಜಿ ಹಾಕಿದಾಗ ವಲಸೆ ಇಲಾಖೆಯವರು ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಮೊದಲ ಎರಡು ವರ್ಷ ಅವನು ಬೇಸಿಗೆ ರಜೆ ತೆಗೆದುಕೊಂಡಿರಲಿಲ್ಲ. ಜುಲೈನಲ್ಲಿ ಇಡೀ ಆಫೀಸು ಖಾಲಿಯಾದಾಗ ಇವನೊಬ್ಬ ಕೂತು ಎಲ್ಲರ ಕೆಲಸ ನೋಡಿಕೊಂಡಿದ್ದ. ಮೇಲಿನವರಿಗೆ ಮೆಚ್ಚುಗೆಯಾಗುತ್ತದೆ ಎಂದುಕೊಂಡಿದ್ದ. ಇಲ್ಲಿ ರಜೆ ಕೊಡುವುದೂ ತೆಗೆದುಕೊಳ್ಳುವುದೂ ಉದ್ಯೋಗದ ಷರತ್ತು. ಷರತ್ತು ಪಾಲನೆಯಾಗಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಒಂದು ಮೇಲ್ಮನವಿ ಸೋತಿತ್ತು. ಉಳಿದದ್ದು ಕೊನೆಯದು; ಅದರ ತೀರ್ಪನ್ನೇ ವಕೀಲರು ಆ ದಿನ ತಿಳಿಸಬೇಕಿತ್ತು.

ನನಗೆ ಅವನ ತಪ್ಪು ಹೊಸದೆನಿಸಲಿಲ್ಲ. ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಹದಿನಾಲ್ಕು ವರ್ಷ ಇದ್ದೆ. ಈ ವರ್ಷ ಒಂದು ರಜೆಯನ್ನೂ ಹಾಕಿಲ್ಲ ಎಂದು ಅಲ್ಲಿ ನಾನೂ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ.

ಗೈಡ್ ಅರವತ್ತು ದಾಟಿದ ಹೆಂಗಸು, ನಿಧಾನದ ಇಂಗ್ಲಿಷ್. ಮೊದಲು ಧಾನ್ಯ ತೋರಿಸಿದರು: ಮೆಕ್ಕೆಜೋಳ ಹೆಚ್ಚು, ಸ್ವಲ್ಪ ಗೋಧಿಯಂಥ ರೈ, ಸ್ವಲ್ಪ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಒಡೆದು ಬಿಸಿನೀರಿನಲ್ಲಿ ಬೇಯಿಸಿ ಗಂಜಿ ಮಾಡುತ್ತಾರೆ. ತಣಿದ ಮೇಲೆ ಯೀಸ್ಟ್ ಹಾಕಿ ಮೂರ್ನಾಲ್ಕು ದಿನ ಬಿಡುತ್ತಾರೆ. ತೊಟ್ಟಿಯ ಮುಚ್ಚಳ ಎತ್ತಿದಾಗ ಹಳದಿ ನೊರೆ ಗುಳುಗುಳು ಎನ್ನುತ್ತಿತ್ತು.

"ನಮ್ಮನೇಲಿ ಮೂರು ದಿನ ಮರೆತ ದೋಸೆ ಹಿಟ್ಟು," ಎಂದರು ನನ್ನ ಗಂಡ.

ಅವನು ನಗಲಿಲ್ಲ. ಬಾಗಿಲ ಕಡೆ ನೋಡಿದ.

ತಾಮ್ರದ ಭಟ್ಟಿ ಇದ್ದ ಕೋಣೆ ಬೆಚ್ಚಗಿತ್ತು. ಹುಳಿಯಾದ ಗಂಜಿ ಕುದಿದು, ಆವಿ ಮೇಲೇರಿ, ಬಾಗಿದ ಕೊಳವೆಯಲ್ಲಿ ಹಾದು, ತಣಿದು, ಗಾಜಿನ ಪೆಟ್ಟಿಗೆಯೊಳಗೆ ನೀರಿನಂತೆ ಬೀಳುತ್ತಿತ್ತು. ಮೊದಲು ಬಂದದ್ದನ್ನೂ ಕೊನೆಗೆ ಬಂದದ್ದನ್ನೂ ಬೇರೆ ಮಾಡಿ ನಡುವಿನದನ್ನು ಮಾತ್ರ ಪೀಪಾಯಿಗೆ ಹಾಕುತ್ತಾರೆ. ಪೀಪಾಯಿ ಹೊಸ ಓಕ್ ಮರದ್ದು, ಒಳಗೋಡೆ ಸುಟ್ಟು ಕಪ್ಪಾದದ್ದು. ಮಾಡುವ ರೀತಿಯೆಲ್ಲ ಬರ್ಬನ್ ಎಂಬ ಅಮೆರಿಕನ್ ವಿಸ್ಕಿಯದೇ, ಆದರೆ ಅಮೆರಿಕದಲ್ಲಿ ಮಾಡದ ಕಾರಣ ಆ ಹೆಸರು ಹಾಕುವಂತಿಲ್ಲ ಎಂದರು ಗೈಡ್. ವಿಸ್ಕಿ ಎನ್ನಲು ಕೂಡ ಮೂರು ವರ್ಷ ಮರದಲ್ಲಿರಬೇಕು. ಅಷ್ಟರಲ್ಲಿ ಒಂದು ಭಾಗ ಆವಿಯಾಗಿ ಹೋಗುತ್ತದೆ, ಅದಕ್ಕೆ ದೇವದೂತರ ಪಾಲು ಎನ್ನುತ್ತಾರೆ.

"ಸ್ವೀಡನ್ ಅಲ್ವಾ, ಅವ್ರಿಗೂ ಟ್ಯಾಕ್ಸ್ ಬಿದ್ದಿರತ್ತೆ," ಎಂದರು ಧಾರವಾಡದವರು. ಅವರು ನಮ್ಮೊಂದಿಗೆ ಸದಾ ಬೆಂಗಳೂರಿನ ಕನ್ನಡ ಆಡುತ್ತಿದ್ದರು.

ಹೊರಗೆ ಬಂದಾಗ ಪೆಟ್ಟಿಗೆಯಲ್ಲಿದ್ದ ಅವನ ಫೋನಿನಲ್ಲಿ ಮೂರು ಮಿಸ್ಡ್ ಕಾಲ್ ಇದ್ದವು. ಅವನು ಅಂಗಳಕ್ಕೆ ಹೋದ. ಗೈಡ್ ಫಿಕಾ ಎಂಬ ಇಲ್ಲಿನ ಕಾಫಿ ವಿರಾಮಕ್ಕೆಂದು ಕಾಫಿ, ದಾಲ್ಚಿನ್ನಿ ಬನ್ನು ಇಟ್ಟರು. ಕಿಟಕಿಯಿಂದ ಅವನು ಕಾಣುತ್ತಿದ್ದ. ಮೂರು ಗಂಟೆಗೇ ಬೆಳಕು ಇಳಿದಿತ್ತು. ಅವನು ಮಾತಾಡಿದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು. ಎರಡು ಸಲ ತಲೆಯಾಡಿಸಿದ. ಮಾತು ಮುಗಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಒಳಗೆ ಬಂದು ಜಾಕೆಟ್ ತೆಗೆಯದೆ ಕೂತ.

"ಏನಾತ್ರೀ?" ಎಂದರು ಧಾರವಾಡದವರು. ಆ ಮಾತು ಅವರ ಊರಿನದೇ ಆಗಿ ಹೊರಟಿತು.

"ಆಗ್ಲಿಲ್ಲ. ದೇಶ ಬಿಡೋಕೆ ನಾಲ್ಕು ವಾರ ಟೈಮ್ ಕೊಟ್ಟಿದಾರೆ."

ನನ್ನ ಗಂಡ ಬನ್ನನ್ನು ತಟ್ಟೆಗೆ ಹಾಕಿದರು. "ಇನ್ನೊಂದ್ಸಲ ಅಪೀಲ್..."

"ಇಲ್ಲ ಅಣ್ಣ. ಅದೇ ಲಾಸ್ಟು."

ಗೈಡ್‌ಗೆ ಏನೂ ತಿಳಿದಿರಲಿಲ್ಲ. ಅವರು ನಗುತ್ತ ಒಂದು ಕಾಗದ ತಂದು ಅವನ ಮುಂದಿಟ್ಟರು. ಪೀಪಾಯಿಗೆ ಒಬ್ಬ ಹೊಣೆಗಾರ ಬೇಕು. ಮೂರು ವರ್ಷದ ನಂತರ ಬಾಟಲಿಗಳು ಸರ್ಕಾರಿ ಮದ್ಯದಂಗಡಿಗೆ ಬರುತ್ತವೆ, ಆ ವ್ಯಕ್ತಿಯೇ ಖುದ್ದಾಗಿ ಗುರುತು ತೋರಿಸಿ ಬಿಡಿಸಿಕೊಳ್ಳಬೇಕು. ಹೆಸರು, ಪರ್ಸನ್‌ನುಮ್ಮರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ, ಸಹಿ. ಅವನು ಕಾಗದವನ್ನು ಪೂರ್ತಿ ಓದಿದ. ತಾನು ಇಲ್ಲಿರುವುದಿಲ್ಲ ಎಂದು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿ, ಕಾಗದವನ್ನು ನನ್ನ ಗಂಡನ ಕಡೆ ಸರಿಸಿದ.

ನನ್ನ ಗಂಡನ ಪರ್ಮಿಟ್ ಮುಂದಿನ ವಸಂತದಲ್ಲಿ ಮುಗಿಯುವುದಿತ್ತು. ನನ್ನದು ಅವರದಕ್ಕೆ ಅಂಟಿಕೊಂಡದ್ದು. ಧಾರವಾಡದವರ ಡಾಕ್ಟರೇಟ್ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ, ಆಮೇಲಿನದು ಅವರಿಗೇ ಗೊತ್ತಿಲ್ಲ. ಮೂರು ವರ್ಷದ ನಂತರ ಈ ದೇಶದಲ್ಲಿರುತ್ತೇನೆ ಎಂದು ಖಚಿತವಾಗಿ ಬರೆಯಬಲ್ಲವರು ಆ ಮೇಜಿನಲ್ಲಿ ಒಬ್ಬರೂ ಇರಲಿಲ್ಲ. ಪೆನ್ನನ್ನು ಯಾರೂ ಮುಟ್ಟಲಿಲ್ಲ. ಗೈಡ್ ನಮ್ಮ ಮುಖಗಳನ್ನು ನೋಡಿ ಕಾಗದ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬರೆದರಾಯಿತು, ಪೀಪಾಯಿ ತುಂಬುವುದಕ್ಕೆ ತೊಂದರೆಯಿಲ್ಲ ಎಂದರು. ತುಂಬುವುದನ್ನು ನೋಡಿದೆವು. ಪೆಟ್ರೋಲ್ ಬಂಕಿನಲ್ಲಿರುವಂಥ ಪೈಪು, ಕೆಲವೇ ನಿಮಿಷ. ಮರದ ಬಿರಡೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು.

ಹಿಂತಿರುಗುವಾಗ ಅವನು ಮುಂದಿನ ಸೀಟಿನಲ್ಲಿ, ನನ್ನ ಪಕ್ಕ ಕೂತ. ಹೆಂಡತಿಗೆ ಇನ್ನೂ ತಿಳಿಸಿರಲಿಲ್ಲ.

"ಮನೇಲಿ ಕಾಯ್ತಿರ್ತಾಳೆ. ಹೇಗ್ ಹೇಳ್ಲಿ ಅತ್ತಿಗೆ? ನೀವು ಪೇಪರ್‌ನೋರು."

"ಮೊದಲ ಸಾಲಲ್ಲೇ ವಿಷಯ ಹೇಳಿಬಿಡು," ಎಂದೆ. "ಕಾರಣ ಆಮೇಲೆ. ಮೊದಲೇ ಕಾರಣ ಹೇಳೋಕ್ ಹೊರಟ್ರೆ ಅವಳು ಆಸೆ ಇಟ್ಕೊಂಡು ಕೇಳ್ತಾಳೆ."

ಅವನು ಕರೆ ಮಾಡಿದ. "ಕೇಸ್ ಸೋತ್ವಿ ಕಣೇ. ಕ್ರಿಸ್‌ಮಸ್ ಒಳಗೆ ಹೊರಡ್ಬೇಕು," ಎಂದ. ನಾನು ಹೇಳಿಕೊಟ್ಟಂತೆಯೇ ಹೇಳಿದ. ಫೋನಿನ ಆ ಕಡೆ ಅವರ ನಾಲ್ಕು ವರ್ಷದ ಮಗಳು ಸ್ವೀಡಿಷ್‌ನಲ್ಲಿ ಏನನ್ನೋ ಎಣಿಸುತ್ತಿದ್ದುದು ಕೇಳಿಸಿತು. ಆಮೇಲೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: ಡಾಗಿಸ್‌ನಲ್ಲಿ, ಮಗಳ ಶಿಶುವಿಹಾರದಲ್ಲಿ, ಸೋಮವಾರವೇ ಹೇಳಬೇಕಾ, ಅಥವಾ ಮಗುವಿಗೆ ಮೊದಲು ಹೇಳಬೇಕಾ.

ಅವನು ಫೋನನ್ನು ಎದೆಗೆ ಒತ್ತಿ ನನ್ನ ಕಡೆ ತಿರುಗಿದ. ನಾನು ರಸ್ತೆ ನೋಡುತ್ತ ಓಡಿಸಿದೆ.