ಸಾಕಮ್ಮನ ಮುದ್ದೆ ಕೋಲು

ಸಾಕಮ್ಮ ತನ್ನ ಒಬ್ಬನೇ ಮಗನ ಕೈಯನ್ನು ಮುದ್ದೆ ಕೋಲಿನಿಂದ ಮುರಿದಳು. ಎರಡು ಏಟು. ಹೆತ್ತ ತಾಯಿ, ಒಂದು ಏಟಿಗೇ ನಿಲ್ಲಿಸಬಹುದಿತ್ತು ಎಂದು ನಮ್ಮ ಕಟ್ಟಡದ ಜನ ಈಗಲೂ ನ್ಯಾಯ ಹೇಳುತ್ತಾರೆ. ಅವರ ನ್ಯಾಯಕ್ಕಿಷ್ಟು ಬೆಂಕಿ ಹಾಕ. ಎರಡನೆಯದೂ ಬೇಕೇ ಬೇಕಿತ್ತು, ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಜಲಜಾ. ಮೂವತ್ತನಾಲ್ಕು ವರ್ಷ ರೈಲ್ವೆ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ನಮ್ಮ ತಾತನ ಕಾಲಕ್ಕೇ ಚೆನ್ನೈಗೆ ಬಂದವರು ನಾವು, ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆಗೂ ಸಾಕಮ್ಮನ ಮಗ ಪ್ರತಾಪನ ಮನೆಗೂ ನಡುವೆ ಒಂದೇ ಗೋಡೆ.

ಸಾಕಮ್ಮ ಮಳವಳ್ಳಿ ಕಡೆಯವಳು. ಗಂಡ ಸತ್ತ ಮೇಲೆ ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಬೇಯಿಸಿ ಮಗನನ್ನು ಓದಿಸಿದಳು. ಇನ್ನೂರು ಮಕ್ಕಳ ಹಂಡೆ ತಿರುವಿದ ತೋಳು ಅವಳದು. ಹನ್ನೆರಡು ವರ್ಷದ ಹಿಂದೆ ಮೊಮ್ಮಗಳು ಮೌನ ಹುಟ್ಟಿದಾಗ ಬಾಣಂತನಕ್ಕೆಂದು ಚೆನ್ನೈಗೆ ಬಂದು ಇಲ್ಲೇ ಉಳಿದಳು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಮುದ್ದೆ ಕೋಲು. ತಮಿಳು ಮಾತ್ರ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಹೊರಗೆ ಎಲ್ಲಿಗೆ ಹೋದರೂ ಅವಳ ಬಾಯಿ ನಾನೇ.

ಪ್ರತಾಪ ಬ್ಯಾಂಕಿನಲ್ಲಿ ಆಫೀಸರು. ಕುಡಿಯುವವನಲ್ಲ, ಸೇದುವವನಲ್ಲ, ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವವನು. ಅವನು ಹೆಂಡತಿ ಜಯಲಕ್ಷ್ಮೀಯನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಫೋನು ತೆಗೆಯುವುದು ತಡವಾದರೆ ಹೊಡೆಯುತ್ತಿದ್ದ. ಮಗಳಿಗೆ ಅಂಕ ಕಡಿಮೆ ಬಂದರೆ ಬೆಲ್ಟು. ನಾನು ಟಿವಿ ಜೋರು ಮಾಡುತ್ತಿದ್ದೆ. ಮಾರನೆಯ ದಿನ ಲಿಫ್ಟಿನಲ್ಲಿ ಅವನು ಕೈಮುಗಿದರೆ ನಾನೂ ಮುಗಿಯುತ್ತಿದ್ದೆ.

ಮೂರು ವರ್ಷದ ಹಿಂದೆ ಅವನ ಏಟಿಗೆ ಜಯಲಕ್ಷ್ಮೀಯ ಭುಜ ಕಳಚಿತು, ಸಾಕಮ್ಮನೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಹೇಗಾಯಿತೆಂದು ಕೇಳಿದಾಗ ಸಾಕಮ್ಮ ನನ್ನ ಕಡೆ ತಿರುಗಿ, "ಬಚ್ಚಲಲ್ಲಿ ಜಾರಿ ಬಿದ್ಲು ಅನ್ನಿ ಕಣವ್ವ" ಎಂದಳು. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಡಾಕ್ಟರು ನಂಬಲಿ ಎಂದು ನೆಲದಲ್ಲಿ ಸೋಪಿನ ನೀರಿತ್ತು ಎಂದು ನಾನಾಗಿಯೇ ಸೇರಿಸಿದೆ. ನಾಚಿಕೆಗೇಡು.

ವಾಪಸು ಬರುವ ದಾರಿಯಲ್ಲಿ ಸಾಕಮ್ಮನನ್ನು ಬಯ್ದೆ, ಮಗನನ್ನು ಹೀಗೇ ಬಿಡುತ್ತೀಯಾ ಎಂದು. ಸಾಕಮ್ಮನಿಗೆ ಲೋಕವೆಲ್ಲ ಮುದ್ದೆ ಪಾತ್ರೆಯೇ. ಕುದಿಯುವ ನೀರಿಗೆ ಹಿಟ್ಟು ಗುಡ್ಡೆಯಾಗಿ ಸುರಿದು, ನಡುವೆ ಕೋಲು ಚುಚ್ಚಿ ಸುಮ್ಮನೆ ಬಿಡಬೇಕು. ಉಕ್ಕು ಬರುವ ಮುಂಚೆ ಕೋಲಾಡಿಸಿದರೆ ಗಂಟಾಗುತ್ತದೆ. "ಅವನೂ ಅಂಗೇ ಕಣವ್ವ. ಈಗ ಕೆಣಕಿದ್ರೆ ಗಂಟಾಯ್ತನೆ. ತಾನಾಗೇ ಬೇಯ್ಲಿ ಬುಡಿ" ಎಂದಳು. ನಲವತ್ತು ದಾಟಿದ ಕತ್ತೆಯ ಬಗ್ಗೆ ಆ ಮಾತು! ಜೀವಮಾನವೆಲ್ಲ ಹಿಟ್ಟು ತಿರುವಿದವಳು ಮಾತ್ರ ಮಾಡಬಹುದಾದ ತಪ್ಪು ಅದು.

ಕಳೆದ ಜನವರಿಯಲ್ಲಿ ಮೌನಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅವಳ ಪಾಲಿಗೆ ಬಂದದ್ದು ಭೂಮಿಯ ಒಳಗಿನ ಪದರ, ಅದರಲ್ಲಿ ಬಿಸಿಯಿಂದ ಏಳುವ ಪ್ರವಾಹ, ಅದು ಮೇಲಿನ ನೆಲವನ್ನು ಹೇಗೆ ಸರಿಸುತ್ತದೆ ಎಂಬ ಪಾಠ. ಪ್ರತಾಪ ಗಾಜಿನ ಪಾತ್ರೆ, ಮೇಣದಬತ್ತಿ, ಕೆಂಪು ಬಣ್ಣ ತಂದು ತಾನೇ ಎಲ್ಲ ಜೋಡಿಸಿಟ್ಟ. ನೀರಿನಲ್ಲಿ ಬಣ್ಣ ಸುಳಿಸುಳಿಯಾಗಿ ಏಳುತ್ತಿತ್ತು. ಚೆನ್ನಾಗಿಯೇ ಇತ್ತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿದ್ದೆ. ಮೌನ ಒಂದೇ ಸಮನೆ ಗೊಣಗುತ್ತಿದ್ದಳು. "ಅಜ್ಜಿ, ಇದು ತಪ್ಪು. ಒಳಗೆ ವಾಟರ್ ಇಲ್ಲೆ, ರಾಕ್! ಸಾಲಿಡ್ ರಾಕ್. ಬಿಸಿಗೆ ರೊಂಬ ಸ್ಲೋ ಆಗಿ ಹರಿಯತ್ತೆ. ವರ್ಷಕ್ಕೆ ನಖ ಬೆಳೆಯೋ ಅಷ್ಟೇ."

"ಕಲ್ಲು ಅರೀತದಾ?" ಸಾಕಮ್ಮ ರಾಗಿಹಿಟ್ಟಿನ ಡಬ್ಬಿ ಎಳೆದುಕೊಂಡಳು. "ಅಂಗಾರೆ ನೀರು ಯಾಕವ್ವ? ಹಿಟ್ಟು ಮಡಗನ."

ಸೌಕಾರ್‌ಪೇಟೆಯ ಪಾತ್ರೆ ಅಂಗಡಿಯಿಂದ ತಂದಿದ್ದ ಅಗಲ ಬಾಣಲೆಯಲ್ಲಿ ರಾಗಿಯನ್ನು ಗಟ್ಟಿಯಾಗಿ ಕದಡಿ, ಉರಿ ನಡುವಿಗೆ ಮಾತ್ರ ತಾಗುವಂತೆ ಇಟ್ಟಳು. ಮೇಲೆ ಕೆನೆಗಟ್ಟಿತು. ಕೆನೆಯ ಮೇಲೆ ಮೌನ ಅಕ್ಕಿಹಿಟ್ಟಿನಿಂದ ಒಂದು ಗೆರೆ ಎಳೆದಳು. ಕಾದೆವು. ನಡುವೆ ಹಿಟ್ಟು ಉಬ್ಬಿತು, ಗೆರೆ ಸೀಳಿ ಎರಡಾಯಿತು, ಎರಡು ತುಂಡೂ ಆಚೀಚೆ ಸರಿದವು. ಅಂಚಿನಲ್ಲಿ ತಣ್ಣಗಾದ ಕೆನೆ ಒಂದು ಕಡೆ ಒಳಗೆ ಮುಳುಗುತ್ತ ಹಿಂದಿನದನ್ನೂ ಎಳೆದುಕೊಂಡಿತು, ಇನ್ನೊಂದು ಕಡೆ ಬಾಣಲೆಗೆ ಒತ್ತಿ ಸೀರೆ ನೆರಿಗೆಯಂತೆ ಮಡಿಸಿ ಎದ್ದಿತು.

"ಸೀಳಿದ್ದು ಸಮುದ್ರದ ನಡುವಿನ ಬೆಟ್ಟಸಾಲು. ಮುಳುಗಿದ್ದು ಕಡಲ ಕಂದಕ. ಇದು ಹಿಮಾಲಯ, ಅಜ್ಜಿ!" ಹುಡುಗಿ ಕುಣಿದಳು. ಅವಳು ಪಾಠವನ್ನು ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾಳೆ ಶಾಲೆಗೆ ಇದನ್ನೇ ಒಯ್ಯುವುದೆಂದು ತೀರ್ಮಾನವಾಯಿತು. ಗಾಜಿನ ಪಾತ್ರೆ ಮೂಲೆಗೆ ಹೋಯಿತು.

ಸಂಜೆ ಆರಕ್ಕೆ ಪ್ರತಾಪ ಬಂದ. ಅಷ್ಟರಲ್ಲಿ ನಾನು ನಮ್ಮ ಮನೆಗೆ ಬಂದಿದ್ದೆ, ಅಜ್ಜಿ ಮೊಮ್ಮಗಳು ಅಭ್ಯಾಸಕ್ಕೆಂದು ಬಾಣಲೆಯನ್ನು ಮತ್ತೆ ಒಲೆಗೇರಿಸಿದ್ದರು. ಗಾಜು ಗೋಡೆಗೆ ಬಡಿದು ಚೂರಾದದ್ದು ಕೇಳಿಸಿತು. "ನಾನು ತಂದಿದ್ದು ಮೂಲೆಗೆ, ಈ ಹಳ್ಳಿ ಗೊಜ್ಜು ಸ್ಕೂಲಿಗಾ? ನನ್ನ ಮಾನ ಕಳೀತೀಯಾ?" ಜಯಲಕ್ಷ್ಮೀ ಅಡ್ಡ ಬಂದಿರಬೇಕು, ಅವಳು ಬಿದ್ದ ಸದ್ದು ಬಂತು. ರಿಮೋಟಿಗೆ ಕೈ ಹಾಕಿದೆ. ಆಗ ಮೌನ ಕಿರುಚಿದಳು. ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ರಿಮೋಟು ಬಿಸಾಕಿ ಓಡಿದೆ.

ಬಾಗಿಲು ತಳ್ಳಿದರೆ, ಪ್ರತಾಪ ಮಗಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಕುದಿಯುವ ಬಾಣಲೆಯೊಳಕ್ಕೆ ಒತ್ತುತ್ತಿದ್ದ. "ತೋರಿಸು ನಿನ್ನ ಹಿಮಾಲಯ, ತೋರಿಸು!" ರಾಗಿ ಅಂಟಿದರೆ ಬಿಡುವ ಪದಾರ್ಥವಲ್ಲ, ಚರ್ಮದ ಜೊತೆಗೇ ಬರುತ್ತದೆ. ಸಾಕಮ್ಮ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡಳು. ಮೊದಲ ಏಟು ಭುಜಕ್ಕೆ ಬಿತ್ತು. ಅವನು ತಿರುಗಿ ತಾಯಿಯನ್ನು ನೋಡಿದ, ಆದರೆ ಕೈ ಬಿಡಲಿಲ್ಲ. ಎರಡನೆಯದನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಅವನ ಮುಂಗೈ ಮೇಲೆ ಇಳಿಸಿದಳು. ಮೂಳೆ ಮುರಿದದ್ದು ಕೇಳಿಸಿತು. ಆಗ ಬಿಟ್ಟ.

ಆಸ್ಪತ್ರೆಗೆ ಪೊಲೀಸರು ಬಂದರು. ಪ್ರತಾಪ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಚೆಂದದ ತಮಿಳಿನಲ್ಲಿ ಹೇಳಿಕೆ ಕೊಟ್ಟಿದ್ದ. ತಾಯಿಗೆ ತಲೆ ಕೆಟ್ಟಿದೆ, ಒಲೆಯ ಮೇಲಿನ ಬಾಣಲೆಯನ್ನು ಮಗುವಿನ ಮೇಲೆ ಕವುಚಿದಳು, ತಡೆಯಲು ಹೋದ ತನ್ನ ಕೈ ಮುರಿದಳು ಎಂದು. ಜಯಲಕ್ಷ್ಮೀ ಒಡೆದ ತುಟಿಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅವನ ಮಾತೇ ನಿಜವೆಂದಾದರೆ ಮುದುಕಿ ಹುಚ್ಚಾಸ್ಪತ್ರೆಗೆ, ಹುಡುಗಿ ಅದೇ ಮನೆಗೆ, ಅದೇ ಅಪ್ಪನ ಜೊತೆ. ಒಳಗೆ ಮೌನಳ ಅಂಗೈಯಿಂದ ರಾಗಿ ಬಿಡಿಸುತ್ತಿದ್ದರು, ಅವಳ ಕೂಗು ಕಾರಿಡಾರಿನ ತುಂಬ ಕೇಳುತ್ತಿತ್ತು.

ಮಹಿಳಾ ಇನ್‌ಸ್ಪೆಕ್ಟರ್ ಸಾಕಮ್ಮನ ಎದುರು ಕೂತು ನನ್ನ ಕಡೆ ನೋಡಿದರು. "ಕೇಳಿ ಇವರನ್ನು. ಹೆತ್ತ ಮಗನಿಗೆ ಮೂಳೆ ಮುರಿಯುವ ಹಾಗೆ ಹೊಡೆಯಬೇಕಿತ್ತಾ? ಮಗುವನ್ನು ಬಿಡಿಸಲು ಹೊಡೆದೆ ಎನ್ನುತ್ತಾರಲ್ಲ, ಮೆಲ್ಲಗೆ ಹೊಡೆದೇ ಬಿಡಿಸಬಹುದಿತ್ತಲ್ಲ?"

ಕನ್ನಡದಲ್ಲಿ ಕೇಳಿದೆ. ಸಾಕಮ್ಮನ ಕೈಯಲ್ಲಿ ಒಣಗಿದ ಹಿಟ್ಟು ಇನ್ನೂ ಅಂಟಿತ್ತು. ಅದನ್ನು ಉಗುರಿನಿಂದ ಕೆರೆದುಕೊಂಡು ಹೇಳಿದಳು. "ಜಾರಿದ್ಲು ಗೀರಿದ್ಲು ಅಂತ ಈಗ ಏಳಬ್ಯಾಡಿ ಕಣವ್ವ. ಇದ್ದುದ್ದ ಇದ್ದಂಗೇ ಏಳಿ. ಮೆಲ್ಲಗೆ ಹೊಡೆಯೋ ಕಾಲ ಹತ್ತು ವರ್ಸದ್ ಹಿಂದೆ ಇತ್ತು. ಆಗ ನಾನು ಸುಮ್ಕಿದ್ದೆ."

ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ಈ ಸಲವೂ ಒಂದು ಮಾತನ್ನು ನಾನಾಗಿಯೇ ಸೇರಿಸಿದೆ. ಆಗ ನಾನೂ ಗೋಡೆಯ ಆಚೆ ಸುಮ್ಮನಿದ್ದೆ, ಮೂರು ವರ್ಷದ ಹಿಂದೆ ಡಾಕ್ಟರಿಗೆ ಸೋಪಿನ ನೀರು ಅಂದದ್ದು ಸುಳ್ಳು, ಬರೆದುಕೊಳ್ಳಿ ಎಂದೆ. ಇನ್‌ಸ್ಪೆಕ್ಟರ್ ಹೊಸ ಹಾಳೆ ತೆಗೆದು ನನ್ನ ಹೆಸರು ಕೇಳಿದರು.